ತಪನ್‌ದಾ ಜೊತೆ ಕಾದಾಡಿದ ಮಳೆಗಾಲ

ಕಳೆದ ತಿಂಗಳು ಹುಬ್ಬಳ್ಳಿಯಲ್ಲಿ ನನ್ನ ಸೋದರಮಾವನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಿದ್ದೆ. ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆ ಮೂರು ಸಲ ಅವರಿಗೆ ಇದೇ ಕೆಲಸ. ಯಾವಾಗಲೂ ಅತ್ತೆ ಹೋಗುತ್ತಾರೆ, ಆ ದಿನ ಅವರಿಗೆ ಜ್ವರ. ವಾರ್ಡಿನ ಬಾಗಿಲು ತಳ್ಳಿದ ಕೂಡಲೇ ವಿನೆಗರ್‌ನಂಥ ಹುಳಿ ವಾಸನೆ ಮೂಗಿಗೆ ಬಡಿಯಿತು. ಮಷಿನ್‌ಗಳನ್ನೂ ಕೊಳವೆಗಳನ್ನೂ ತೊಳೆಯುವ ದ್ರಾವಣದ ವಾಸನೆ ಅದು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

"ಯಾಕವಾ ಶೈಲಾ, ಮಾರಿ ಯಾಕ ಹಂಗಾತು? ರಕ್ತಾ ನೋಡಿ ಅಂಜಿದೇನು?" ಅಂದರು ಮಾಮಾ.

"ಏನಿಲ್ಲ ಮಾಮಾ, ನೀವು ನಡೀರಿ" ಅಂದೆ.

ರಕ್ತಕ್ಕೆ ಅಂಜುವವಳಲ್ಲ ನಾನು. ಆ ವಾಸನೆ ನನ್ನನ್ನು ಕೋಲ್ಕತ್ತಾದ ಒಂದು ಮಳೆಗಾಲಕ್ಕೆ ಎಳೆದುಕೊಂಡು ಹೋಗಿತ್ತು. ಆ ಕೆಲವು ತಿಂಗಳು ನಾನು ಒಬ್ಬ ಮನುಷ್ಯನನ್ನು ದ್ವೇಷಿಸಿದಷ್ಟು ಬದುಕಿನಲ್ಲಿ ಇನ್ಯಾರನ್ನೂ ದ್ವೇಷಿಸಿಲ್ಲ. ಅವರೂ ಅಷ್ಟೇ ನಿಷ್ಠೆಯಿಂದ ನನ್ನನ್ನು ದ್ವೇಷಿಸಿದರು. ಜಗಳದ ಕಾರಣವನ್ನು ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ಒಂದು ಸಾಫ್ಟ್‌ವೇರ್ ತಂಡ ತನ್ನ ಕೆಲಸವನ್ನು ಯಾವ ಪದ್ಧತಿಯಲ್ಲಿ ಮಾಡಬೇಕು ಎಂಬುದೇ ಆ ಜಗಳ.

ಆಗ ನಾನು ಬೆಂಗಳೂರಿನ ಕಂಪನಿಯೊಂದರಲ್ಲಿದ್ದೆ. ಜೂನ್ ಮೊದಲ ವಾರ ಮೇಲಧಿಕಾರಿ ವಿನೀತ್ ನನ್ನನ್ನು ಕರೆದು, ಕೋಲ್ಕತ್ತಾ ಆಫೀಸಿನ ಒಂದು ತಂಡ ಕೆಲಸ ಕೆಡಿಸಿಕೊಂಡು ಕೂತಿದೆ, ಹೋಗಿ ಸರಿ ಮಾಡು ಅಂದರು. ಬಾಲಿಗಂಜ್ ಕಡೆಯ ಒಂದು ಖಾಸಗಿ ಡಯಾಲಿಸಿಸ್ ಕೇಂದ್ರದ ಕೆಲಸ ಅದು. ಯಾವ ರೋಗಿ, ಯಾವ ದಿನ, ಯಾವ ಪಾಳಿ, ಯಾವ ಮಷಿನ್, ಇಷ್ಟನ್ನು ಹೊಂದಿಸಿಕೊಡುವ ಸಾಫ್ಟ್‌ವೇರ್. ತಂಡದವರು ಎಂಟು ತಿಂಗಳು ಕೂತು ಒಂದು ದಪ್ಪ ದಾಖಲೆ ಬರೆದಿದ್ದರು. ಕೇಂದ್ರದವರ ಕಣ್ಣಿಗೆ ಒಂದೇ ಒಂದು ಪರದೆಯನ್ನೂ ತೋರಿಸಿರಲಿಲ್ಲ. ಮೊದಲು ಎಲ್ಲವನ್ನೂ ಬರೆದು ಮುಗಿಸುವುದು, ಸಹಿ ಹಾಕಿಸುವುದು, ಆಮೇಲೆ ಕಟ್ಟುವುದು, ಕೊನೆಗೆ ತೋರಿಸುವುದು ಅವರ ಹಳೆಯ ಪದ್ಧತಿ. ಕೇಂದ್ರದವರು ಬೇಸತ್ತು, ದುರ್ಗಾಪೂಜೆಯ ರಜೆಗೆ ಮುಂಚೆ ಕೆಲಸ ಆಗದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದಿದ್ದರು.

ನನ್ನ ಪದ್ಧತಿಯೇ ಬೇರೆ. ಕೆಲಸವನ್ನು ಎರಡೆರಡು ವಾರದ ತುಂಡುಗಳಾಗಿ ಕತ್ತರಿಸುವುದು. ಒಂದೊಂದು ತುಂಡಿಗೂ ಸ್ಪ್ರಿಂಟ್ ಎಂದು ಹೆಸರು. ತುಂಡು ಮುಗಿದ ಕೂಡಲೇ ಬಳಸುವವರಿಗೆ ತೋರಿಸಿ, ಬೈಸಿಕೊಂಡು, ತಿದ್ದಿ ಮುಂದೆ ಹೋಗುವುದು. ಮಾಡಬೇಕಾದ ಪ್ರತಿ ಕೆಲಸಕ್ಕೂ ಒಂದು ಕಾರ್ಡ್, ಕಾರ್ಡ್‌ಗಳೆಲ್ಲ ಗೋಡೆಯ ಬೋರ್ಡಿನ ಮೇಲೆ. ಬೆಳಿಗ್ಗೆ ಹದಿನೈದು ನಿಮಿಷ ಎಲ್ಲರೂ ನಿಂತುಕೊಂಡು ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಅಡ್ಡಿ ಏನು ಎಂದು ಹೇಳಬೇಕು. ನನಗಾಗ ಮೂವತ್ತೊಂದು. ಈ ವಿದ್ಯೆಯಲ್ಲಿ ಪ್ರಮಾಣಪತ್ರವಿತ್ತು, ಬೆಂಗಳೂರಿನಲ್ಲಿ ಎರಡು ತಂಡಗಳನ್ನು ದಡ ಮುಟ್ಟಿಸಿದ ಹೆಸರಿತ್ತು, ಮತ್ತು ಹೆಸರಿಗಿಂತ ದೊಡ್ಡ ಸೊಕ್ಕಿತ್ತು.

ಆ ದಪ್ಪ ದಾಖಲೆ ಬರೆದವರು ತಪನ್‌ದಾ. ಐವತ್ತೆರಡರ ಆಸುಪಾಸು, ಮೊಣಕಾಲು ನೋವು, ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಮೂರು ಬಣ್ಣದ ಪೆನ್ನು. ಅಲ್ಲಿ ಹಿರಿಯರನ್ನು ಹೆಸರಿನ ಜೊತೆ 'ದಾ' ಸೇರಿಸಿ ಕರೆಯುತ್ತಾರೆ, ನಮ್ಮಲ್ಲಿ ಅಣ್ಣ ಅಂದ ಹಾಗೆ; ಹೆಂಗಸರಾದರೆ 'ದಿ', ಅಕ್ಕ ಅಂದ ಹಾಗೆ. ಕೋಲ್ಕತ್ತಾದ ಐಟಿ ಬಡಾವಣೆ ಸೆಕ್ಟರ್ ಫೈವ್‌ನ ಆ ಆಫೀಸಿನಲ್ಲಿ ಎಲ್ಲರಿಗೂ ಅವರು ತಪನ್‌ದಾ. ನಾನು ಮಾತ್ರ ಮೊದಲ ದಿನವೇ ಎಲ್ಲರೆದುರು "ತಪನ್" ಎಂದೆ. ಬೆಂಗಳೂರಿನಲ್ಲಿ ನಾವು ಎಲ್ಲರನ್ನೂ ಬರಿಯ ಹೆಸರು ಹಿಡಿದೇ ಕರೆಯುತ್ತಿದ್ದೆವು ಎಂಬುದು ನಿಜ. ಆದರೆ ಆ ಕೋಣೆಯಲ್ಲಿ ಅದು ಹೇಗೆ ಕೇಳಿಸುತ್ತದೆ ಎಂಬುದು ನನಗೆ ಗೊತ್ತಿತ್ತು, ಗೊತ್ತಿದ್ದೇ ಕರೆದೆ.

ಅವರ ದಾಖಲೆಯನ್ನು ಮೇಜಿನ ಮೇಲಿಟ್ಟು, "ಇನ್ನು ಮೇಲೆ ಇದನ್ನು ಯಾರೂ ತೆರೆಯಬೇಕಾಗಿಲ್ಲ" ಎಂದೆ.

"ನೀವು ತೆರೆದು ನೋಡಿ ಹೇಳ್ತಿದ್ದೀರೋ, ನೋಡದೇನೋ?" ಅವರು ಇಂಗ್ಲಿಷಿನಲ್ಲಿ ಕೇಳಿದರು. ದನಿ ಏರಿಸಲಿಲ್ಲ.

"ನೋಡೋ ಅಗತ್ಯ ಇಲ್ಲ. ಎಂಟು ತಿಂಗಳಲ್ಲಿ ಇದರಿಂದ ಏನೂ ಹುಟ್ಟಿಲ್ಲ."

ಯಾರೋ ಕಿಸಕ್ಕನೆ ನಕ್ಕರು. ತಪನ್‌ದಾ ಪೆನ್ನಿನ ಮುಚ್ಚಳ ಹಾಕಿ, "ಒಂದು ಮಾತು ಹೇಳ್ತೀನಿ ಶೋಯಿಲಾ. ತಪ್ಪಾದರೆ ಮನುಷ್ಯನ ಮೈಗೆ ತಟ್ಟುವ ವಿಷಯ ಕೆಲವಿವೆ. ಅವನ್ನು ಮೊದಲು ಬರೆದು ಬಿಗಿ ಮಾಡೋಣ. ಉಳಿದದ್ದೆಲ್ಲ ನಿಮ್ಮ ರೀತಿಯಲ್ಲೇ ಆಗಲಿ" ಎಂದರು. ಬಂಗಾಳಿ ಬಾಯಲ್ಲಿ ಶೈಲಾ ಶೋಯಿಲಾ ಆಗುತ್ತದೆ. ನನಗೆ ಅದೂ ಕೊಂಕಾಗಿಯೇ ಕೇಳಿಸಿತು. ಸೋಲುವವರು ಹೂಡುವ ಚೌಕಾಸಿ ಇದು ಎಂದುಕೊಂಡು, "ಪದ್ಧತಿ ಅಂದ ಮೇಲೆ ಪೂರ್ತಿ ಇರಬೇಕು, ಅರ್ಧಂಬರ್ಧ ಬೇಡ" ಎಂದುಬಿಟ್ಟೆ.

ಆಮೇಲೆ ನಡೆದದ್ದು ದಿನನಿತ್ಯದ ಯುದ್ಧ. ಬೆಳಗಿನ ಸಭೆಗೆ ಎಲ್ಲರೂ ನಿಂತರೆ ಅವರು ಕುರ್ಚಿ ಬಿಡಲಿಲ್ಲ. ಮೊಣಕಾಲು ಎಂದರು. ನಿಯಮ ಎಂದರೆ ನಿಯಮ ಎಂದೆ. ಮರುದಿನದಿಂದ ಅವರು ಮೇಜು ಹಿಡಿದುಕೊಂಡು ಹದಿನೈದು ನಿಮಿಷವೂ ನಿಂತರು. ತಮ್ಮ ಸರದಿ ಬಂದಾಗ, "ನಿನ್ನೆ ಡಯಾಲಿಸಿಸ್ ಕೇಂದ್ರದಲ್ಲಿದ್ದೆ. ಇವತ್ತೂ ಅಲ್ಲಿಗೇ ಹೋಗ್ತೀನಿ. ಅಡ್ಡಿ ಒಂದೇ, ಈ ಸಭೆ" ಎಂದರು. ಕೋಣೆ ಗೊಳ್ಳೆಂದಿತು. ನಾನು ಬಂದರೆ ಬಂಗಾಳಿ ಮಾತು ನಿಲ್ಲುತ್ತಿತ್ತು, ಹೋದರೆ ಮತ್ತೆ ಹರಿಯುತ್ತಿತ್ತು. ಮಧ್ಯಾಹ್ನ ಎಲ್ಲರೂ ಅವರ ಮೇಜಿನ ಸುತ್ತ ಸೇರಿ ಮುಡಿ ತಿನ್ನುತ್ತಿದ್ದರು. ನಮ್ಮ ಧಾರವಾಡದ ಚುರುಮುರಿಯ ಅಕ್ಕನೋ ತಂಗಿಯೋ ಅದು. ಸಾಸಿವೆ ಎಣ್ಣೆಯ ಘಾಟು ನನ್ನ ಕ್ಯಾಬಿನ್ನಿನವರೆಗೆ ಬರುತ್ತಿತ್ತು, ಕರೆ ಮಾತ್ರ ಬರುತ್ತಿರಲಿಲ್ಲ.

ಮಳೆಯೂ ಆ ವರ್ಷ ಹಟ ಹಿಡಿದಿತ್ತು. ಅಲಿಪುರದ ಹವಾಮಾನ ಕಚೇರಿ ಇವತ್ತು ಬರುತ್ತದೆ ಅಂದ ದಿನ ಬೆವರು, ಬರುವುದಿಲ್ಲ ಅಂದ ದಿನ ಮೊಣಕಾಲುದ್ದ ನೀರು. ಜಾದವ್‌ಪುರದಿಂದ ಲೋಕಲ್ ಹಿಡಿದು ಸಿಯಾಲ್ದಾ, ಅಲ್ಲಿಂದ ಮೆಟ್ರೊ. ಆಫೀಸು ಮುಟ್ಟುವಷ್ಟರಲ್ಲಿ ಸಲ್ವಾರ್ ಮೈಗಂಟಿ, ಜಗಳಕ್ಕೆ ಮೈ ತಾನಾಗಿ ಸಿದ್ಧವಾಗಿರುತ್ತಿತ್ತು.

ನನ್ನ ಪದ್ಧತಿ ಕೆಲಸ ಮಾಡಲಿಲ್ಲ ಎಂದಲ್ಲ. ಮೂರನೆಯ ಸ್ಪ್ರಿಂಟಿಗೆ ನಾವು ಕೇಂದ್ರದ ಮುಖ್ಯ ಸಿಸ್ಟರ್ ಝರ್ಣಾದಿಯ ಮುಂದೆ ಕಂಪ್ಯೂಟರ್ ಇಟ್ಟು ದಿನದ ಪಟ್ಟಿ ತೋರಿಸಿದೆವು. ಇಪ್ಪತ್ತು ವರ್ಷ ಆ ವಾರ್ಡಿನಲ್ಲೇ ಸವೆದ ಹೆಂಗಸು. ಹೆಸರುಗಳ ಅಕ್ಷರ ಚಿಕ್ಕದಾಯಿತು, ಈ ಗುಂಡಿ ಆಚೆ ಹಾಕಿ, ಫೋನ್ ಮಾಡಿ ಬರೋದಿಲ್ಲ ಅಂದವರನ್ನು ಎಲ್ಲಿ ತೆಗೆಯೋದು ಎಂದು ಒಂದೇ ಸಮ ಕೇಳಿದರು. ಎರಡು ವಾರಕ್ಕೆ ಅಷ್ಟನ್ನೂ ಮಾಡಿಕೊಟ್ಟೆವು. ಅವರು ಖುಷಿಯಾಗಿ, ಪಕ್ಕದಲ್ಲೇ ನಿಂತಿದ್ದ ತಪನ್‌ದಾಗೆ ಕೇಳುವಂತೆ, "ಎಂಟು ತಿಂಗಳು ನೀವು ಬಂದು ನನ್ನ ಚಹಾ ಕುಡಿದು ಬರೆದುಕೊಂಡು ಹೋದಿರಿ ದಾದಾ. ಈ ಹುಡುಗಿ ಬಂದು ಎರಡು ತಿಂಗಳಾಗಿಲ್ಲ, ಕಣ್ಣಿಗೆ ಕಾಣೋ ಹಾಗೆ ತೋರಿಸಿದಳು" ಎಂದರು.

ತಪನ್‌ದಾ ಮುಖ ಕಪ್ಪಿಟ್ಟಿತು. ನನಗೆ ಹಬ್ಬ. ವಾಪಸು ಹೋಗುವಾಗ ಬಾಲಿಗಂಜ್ ಸ್ಟೇಷನ್ನಿನ ಹೊರಗೆ ಎರಡು ಕುಡಿಕೆ ಚಹಾ ಕುಡಿದೆ, ಒಬ್ಬಳೇ, ಗೆದ್ದವಳ ಹಾಗೆ.

ಆಗಸ್ಟಿನಲ್ಲಿ ಬೋರ್ಡಿನ ಪಕ್ಕಕ್ಕೆ ಇನ್ನೊಂದು ಹಾಳೆ ಅಂಟಿಸಿದೆ. ಪ್ರತಿ ಕಾರ್ಡಿಗೂ ಅದರ ಕಷ್ಟಕ್ಕೆ ತಕ್ಕಂತೆ ಅಂಕ, ಯಾರು ಎಷ್ಟು ಅಂಕದ ಕೆಲಸ ಮುಗಿಸಿದರು ಎಂಬ ಲೆಕ್ಕ. ತಪನ್‌ದಾ ಹೆಸರು ತಳದಲ್ಲಿತ್ತು. ವಾರದಲ್ಲಿ ಎರಡು ದಿನ ಅವರು ಕೇಂದ್ರಕ್ಕೆ ಹೋಗಿ ವಾರ್ಡಿನಲ್ಲಿ ಸುಮ್ಮನೆ ಕೂತು ಬರುತ್ತಿದ್ದರು.

"ಕಾರ್ಡ್ ಇಲ್ಲದ ಕೆಲಸ ಕೆಲಸವಲ್ಲ" ಎಂದೆ.

"ಹಾಗಾದರೆ ಒಂದು ಕಾರ್ಡ್ ಬರೀರಿ, ಕೂತು ನೋಡುವುದು ಅಂತ."

"ಅದಕ್ಕೆ ಎಷ್ಟು ಅಂಕ ಕೊಡಲಿ?"

"ಅದು ನಿಮಗೆ ಗೊತ್ತಾಗೋ ದಿನ ಬರದೇ ಇರಲಿ" ಎಂದು ಅವರು ಎದ್ದು ಹೋದರು.

ಆ ಮಧ್ಯಾಹ್ನವೇ ವಿನೀತ್‌ಗೆ ಪತ್ರ ಬರೆದೆ. ತಪನ್ ಹೊಸ ಪದ್ಧತಿಗೆ ಹೊಂದಿಕೊಳ್ಳುತ್ತಿಲ್ಲ, ತಂಡದ ವೇಗ ಕುಗ್ಗಿಸುತ್ತಿದ್ದಾರೆ, ಕಿರಿಯರ ಮನಸ್ಸು ಕೆಡಿಸುತ್ತಿದ್ದಾರೆ. ಮೂರೂ ಮಾತಿಗೆ ಬೋರ್ಡಿನ ಫೋಟೊ ಸಾಕ್ಷಿ. ವಾರದೊಳಗೆ ಅವರನ್ನು ಮೇಲಿನ ಮಹಡಿಯ ಬೇರೆ ತಂಡಕ್ಕೆ ಹಾಕಿದರು. ಅಲ್ಲಿ ಅವರದು ಹಳೆಯ ಕಡತ ಜೋಡಿಸುವ ಕೆಲಸ. ಹೋಗುವಾಗ ಆ ದಪ್ಪ ದಾಖಲೆಯನ್ನು ನನ್ನ ಮೇಜಿನ ನಟ್ಟನಡುವೆ ಇಟ್ಟು ಹೋದರು. ನಾನು ಅದನ್ನು ಕಿಟಕಿಯ ಕಟ್ಟೆಯ ಮೇಲಕ್ಕೆ ಸರಿಸಿದೆ.

ಜಾದವ್‌ಪುರದ ಬಾಡಿಗೆ ಫ್ಲಾಟಿನಲ್ಲಿ ನನ್ನ ಜೊತೆಗಿದ್ದವಳು ನಫೀಸಾ, ಮಂಗಳೂರು ಕಡೆಯವಳು, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಭಾನುವಾರ ಬೆಳಿಗ್ಗೆ ನೀರುದೋಸೆ ಹುಯ್ಯುತ್ತಾ ನನ್ನ ಪರಾಕ್ರಮವನ್ನೆಲ್ಲ ಕೇಳಿಸಿಕೊಂಡಳು.

"ಆ ಪುಸ್ತಕ ನೀನು ಓದಿದ್ದೀಯಾ ಮಾರಾಯ್ತಿ?"

"ಯಾವ ಪುಸ್ತಕ?"

"ಅದೇ, ಅವ್ರು ಎಂಟು ತಿಂಗಳು ಕೂತು ಬರ್ದದ್ದು."

"ಇಲ್ಲ. ಓದಿ ಏನ್ ಮಾಡ್ಬೇಕಾಗೇತಿ?"

"ಓದ್ಲೇ ಇಲ್ಲ ಅಂದ್ರೆ ಅದು ಕಸ ಅಂತ ನಿಂಗೆ ಹೇಗೆ ಗೊತ್ತುಂಟು? ನಮ್ಮ ಗೈಡಿಗೆ ನಾನು ಹೀಗೆ ಹೇಳಿದ್ರೆ ಅವ್ರು ನನ್ನನ್ನು ಹೊರಗೆ ಹಾಕ್ತಾರೆ."

"ನಿನಗ ನಮ್ಮ ಕೆಲಸ ತಿಳ್ಯೂದಿಲ್ಲ, ಸುಮ್ನಿರು" ಅಂದೆ. ಮೂರು ದಿನ ಒಂದೇ ಅಡುಗೆಮನೆಯಲ್ಲಿ ಬೆನ್ನು ಬೆನ್ನು ಹಾಕಿಕೊಂಡು ತಿರುಗಿದೆವು.

ಸೆಪ್ಟೆಂಬರಿನಲ್ಲಿ ಕೇಂದ್ರದಲ್ಲಿ ಪ್ರಯೋಗ ಶುರುವಾಯಿತು. ಹತ್ತು ಮಷಿನ್, ಬೆಳಗಿನ ಪಾಳಿ ಮಾತ್ರ. ಮೊದಲ ನಾಲ್ಕು ದಿನ ಕೂದಲೂ ಕೊಂಕಲಿಲ್ಲ. ಐದನೆಯ ದಿನ ಬೆಳಗಿನ ಜಾವದಿಂದ ಮಳೆ ಹುಚ್ಚೆದ್ದು ಸುರಿಯಿತು. ಗಡಿಯಾಹಾಟ್ ಕಡೆಯೆಲ್ಲ ನೀರು. ಪ್ಯಾಂಟು ಮಡಚಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ನಾನು ಕೇಂದ್ರ ತಲುಪುವ ಹೊತ್ತಿಗೆ ಅರ್ಧದಷ್ಟು ರೋಗಿಗಳು ಬರಲಾಗುವುದಿಲ್ಲ ಎಂದು ಫೋನ್ ಮಾಡಿದ್ದರು. ಹತ್ತಿರದವರು ಸಿಕ್ಕ ರಿಕ್ಷಾ ಹತ್ತಿ ತಮ್ಮ ಸರದಿಗೆ ಮುಂಚೆಯೇ ಬಂದು ತೊಯ್ದು ಕೂತಿದ್ದರು. ಅಲ್ಲಿನ ಟೆಕ್ನಿಶಿಯನ್ ಕೂಡ ನೀರಿನಲ್ಲಿ ಸಿಕ್ಕಿಕೊಂಡಿದ್ದ. ಇನ್ನೊಂದು ಶಾಖೆಯಿಂದ ಬದಲಿಯವನು ಬಂದಿದ್ದ.

ನಾನು ಹೆಮ್ಮೆಯಿಂದ ಪರದೆಯ ಮುಂದೆ ಕೂತೆ. ಬರದವರ ಹೆಸರು ತೆಗೆದ ಕೂಡಲೇ ನಮ್ಮ ಸಾಫ್ಟ್‌ವೇರ್ ಖಾಲಿ ಮಷಿನ್‌ಗಳನ್ನು ಕಾಯುತ್ತಿದ್ದವರಿಗೆ ಚಕಚಕ ಹಂಚಿತು. ಮಿನತಿ ಎಂಬ ನಿವೃತ್ತ ಶಾಲಾ ಟೀಚರ್‌ಗೆ ಏಳನೇ ಮಷಿನ್ ಬಂತು. ಬದಲಿ ಟೆಕ್ನಿಶಿಯನ್ ಅವರನ್ನು ಕರೆದೊಯ್ದು ಮಲಗಿಸಿದ. ಕೊಳವೆ ಜೋಡಿಸಿ, ತೋಳಿಗೆ ಸ್ಪಿರಿಟ್ ಒರೆಸಿ, ಸೂಜಿಯ ಪೊಟ್ಟಣ ಹರಿದ. ಮಿನತಿದಿ ನನ್ನ ಕಡೆ ನೋಡಿ, "ನೀನೇ ಏನಮ್ಮಾ ಇದನ್ನೆಲ್ಲ ಮಾಡಿದ್ದು? ಇವತ್ತು ಕಾಯೋದೇ ಬರಲಿಲ್ಲ" ಎಂದು ಹಿಂದಿಯಲ್ಲಿ ಹೇಳಿ ನಕ್ಕರು.

ಅಷ್ಟರಲ್ಲಿ ಝರ್ಣಾದಿ ಆ ಕಡೆಯಿಂದ ಕಿರುಚಿದರು. "ಏಯ್! ಕೈ ತೆಗಿ! ಸೂಜಿ ಚುಚ್ಚಬೇಡ!"

ಓಡಿ ಬಂದು ಟೆಕ್ನಿಶಿಯನ್ನನ ಮಣಿಕಟ್ಟು ಹಿಡಿದುಕೊಂಡೇಬಿಟ್ಟರು. ಮಿನತಿದಿಯನ್ನು ಎಬ್ಬಿಸಿ ಬೇರೆ ಮಂಚಕ್ಕೆ ಕಳಿಸಿ, ನನ್ನ ಹತ್ತಿರ ಬಂದರು. "ಏಳನೇದು ಕಾಮಾಲೆಯ ಸೋಂಕು ಇರೋರಿಗೆ ಮಾತ್ರ. ರಕ್ತದಿಂದ ರಕ್ತಕ್ಕೆ ದಾಟೋ ಕಾಯಿಲೆ. ಆ ರೋಗಿ ಬರಲಿ ಬಿಡಲಿ, ಆ ಮಷಿನ್‌ಗೆ ಬೇರೆಯವರನ್ನು ಹಾಕೋ ಹಾಗಿಲ್ಲ. ನಿಮ್ಮ ಡಬ್ಬಿಗೆ ಇಷ್ಟೂ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಗೊತ್ತಾಗದಂತೆ ಮಾಡಿದವಳು ನಾನು. 'ಸೋಂಕಿನವರಿಗೆ ಪ್ರತ್ಯೇಕ ಮಷಿನ್' ಎಂದು ತಪನ್‌ದಾ ಬರೆದ ಕಾರ್ಡ್ ಜುಲೈನಿಂದಲೂ ಬೋರ್ಡಿನಲ್ಲಿತ್ತು. ಅದರಿಂದ ಪರದೆಯ ಮೇಲೆ ತೋರಿಸುವಂಥದ್ದೇನೂ ಹುಟ್ಟುವುದಿಲ್ಲ, ಹೇಗೂ ಗೋಡೆಯ ಮೇಲೆ ಕಾಗದದ ಪಟ್ಟಿ ಇದೆ, ಅಲ್ಲಿನವರಿಗೆ ಬಾಯಿಪಾಠ ಎಂದುಕೊಂಡು ಪ್ರತಿ ಸ್ಪ್ರಿಂಟಿನಲ್ಲೂ ಅದನ್ನು ನಾನೇ ಕೆಳಕ್ಕೆ ತಳ್ಳಿದ್ದೆ. ಬದಲಿಯವನ ಶಾಖೆಯಲ್ಲಿ ಅಂಥ ಮಷಿನ್ ಬೇರೆ ಕೋಣೆಯಲ್ಲೇ ಇರುತ್ತಿತ್ತಂತೆ. ಅವನು ಗೋಡೆ ನೋಡಲಿಲ್ಲ, ನನ್ನ ಪರದೆ ನೋಡಿದ.

ಪ್ರಯೋಗ ಅಲ್ಲಿಗೇ ನಿಂತಿತು. ಒದ್ದೆ ಬಟ್ಟೆಯಲ್ಲೇ ಆಫೀಸಿಗೆ ಹೋಗಿ ಕಿಟಕಿಯ ಕಟ್ಟೆಯ ಮೇಲಿನ ದಾಖಲೆ ತೆಗೆದೆ. ಮಳೆಯ ತೇವಕ್ಕೆ ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಅದರಲ್ಲಿತ್ತು, ಕೆಂಪು ಪೆನ್ನಿನ ಗೆರೆಯ ಸಮೇತ: ಏಳನೇ ಮಷಿನ್ನಿನ ರೋಗಿ ಬರದಿದ್ದರೆ ಅದು ಖಾಲಿಯೇ ಇರಬೇಕು. ಭಾರೀ ಮಳೆಯ ದಿನ ಬೇರೆ ಶಾಖೆಯ ಸಿಬ್ಬಂದಿ ಬರುವುದುಂಟು, ಅವರಿಗೆ ಗೋಡೆಯ ಪಟ್ಟಿ ಗೊತ್ತಿರುವುದಿಲ್ಲ, ಹಾಗಾಗಿ ಸಾಫ್ಟ್‌ವೇರೇ ತಡೆಯಬೇಕು. ಹಿಂದಿನ ಮಳೆಗಾಲದ ಕೊನೆಯ ದಿನಗಳಲ್ಲಿ ಅವರು ವಾರ್ಡಿನಲ್ಲಿ ಕೂತು ಕಣ್ಣಾರೆ ಕಂಡು ಬರೆದದ್ದು. ಓದಿ ಮುಗಿಸಿದಾಗ ನನಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ಇವರು ಸರಿಯಾಗಿದ್ದರಲ್ಲ ಎಂಬ ಸಿಟ್ಟು.

ಎರಡು ದಿನದ ಮೇಲೆ ವಿಚಾರಣೆಯ ಸಭೆ. ಬೆಂಗಳೂರಿನಿಂದ ವಿನೀತ್ ಪರದೆಯ ಮೇಲೆ, ಈ ಕಡೆ ನಾವು. ತಪನ್‌ದಾರನ್ನು ಮೇಲಿನ ಮಹಡಿಯಿಂದ ಕರೆಸಿದ್ದರು. ಸಭೆಗೆ ಮುಂಚೆ ನನ್ನೊಬ್ಬಳಿಗೇ ಫೋನ್ ಮಾಡಿ ವಿನೀತ್ ಮೆತ್ತಗೆ ಹೇಳಿದ್ದರು: "ಕೇಂದ್ರದ ಅಗತ್ಯಗಳ ಜವಾಬ್ದಾರಿ ತಪನ್‌ದೇ ಇತ್ತಲ್ವಾ? ಹೋಗುವಾಗ ಸರಿಯಾಗಿ ಒಪ್ಪಿಸಿ ಹೋಗಲಿಲ್ಲ ಅಂತ ಬರೆದರೆ ವಿಷಯ ಮುಗಿಯುತ್ತೆ. ನಿನಗೂ ಸುಲಭ." ನಾನು ಹೂಂ ಅನ್ನಲಿಲ್ಲ, ಉಹುಂ ಅಂತಲೂ ಅನ್ನಲಿಲ್ಲ.

ಸಭೆಯಲ್ಲಿ ವಿನೀತ್ ಎಲ್ಲರೆದುರು ಕೇಳಿದರು. "ಇದನ್ನು ನಿಮಗೆ ಯಾರೂ ಹೇಳಿರಲಿಲ್ಲವೇ ಶೈಲಾ?"

ತಪನ್‌ದಾ ನನ್ನನ್ನೇ ನೋಡುತ್ತಿದ್ದರು. ನಾನು ಏನು ಹೇಳುತ್ತೇನೆಂದು ಅವರಿಗೆ ಖಾತ್ರಿಯಿದ್ದಂತಿತ್ತು. ಆ ಖಾತ್ರಿ ನನ್ನನ್ನು ಕೆರಳಿಸಿತು. ಸತ್ಯ ಹೇಳಲು ನನಗೆ ಧೈರ್ಯ ಕೊಟ್ಟದ್ದು ಒಳ್ಳೆಯತನ ಎಂದು ಈಗಲೂ ಹೇಳಲಾರೆ, ಅವರ ಊಹೆಯನ್ನು ಸುಳ್ಳು ಮಾಡುವ ಹಟವೇ ಇರಬೇಕು.

"ಹೇಳಿದ್ದರು. ಬರೆದೂ ಇಟ್ಟಿದ್ದರು. ನಾನು ಓದಲಿಲ್ಲ. ಕಾರ್ಡನ್ನು ಕೆಳಕ್ಕೆ ತಳ್ಳಿದವಳೂ ನಾನೇ" ಎಂದೆ.

ವಿನೀತ್ ಮುಖ ಗಂಟಿಕ್ಕಿದರು. ಸಭೆ ಮುಗಿದ ಮೇಲೆ ನಾನು ತಪನ್‌ದಾ ಏನಾದರೂ ಅಂದಾರೆಂದು ಕಾದು ನಿಂತೆ. ಅವರು ಪೆನ್ನುಗಳನ್ನು ಜೇಬಿಗೆ ಸಿಕ್ಕಿಸಿಕೊಳ್ಳುತ್ತಾ, "ಸತ್ಯ ಹೇಳಿದ್ದಕ್ಕೆ ಪದಕ ಬೇಕಿತ್ತಾ?" ಎಂದರು.

"ಬೇಡ. ವಾಪಸು ಬನ್ನಿ, ಅಷ್ಟು ಸಾಕು."

"ಬರ್ತೀನಿ. ನಿಮಗಾಗಿ ಅಲ್ಲ."

ಮರುದಿನ ಝರ್ಣಾದಿಯ ಮೇಜಿನ ಮುಂದೆ ನಾವಿಬ್ಬರೂ ಎರಡು ತುದಿಯಲ್ಲಿ ಕೂತೆವು. ಪದ್ಧತಿಯ ತೀರ್ಮಾನ ಆದದ್ದು ಅಲ್ಲಿ. ದಾಖಲೆಯ ಒಂದೊಂದು ಹಾಳೆಯನ್ನೂ ಝರ್ಣಾದಿ ತಾವೇ ನೋಡಿದರು. ಅರ್ಧಕ್ಕಿಂತ ಹೆಚ್ಚನ್ನು ಅಡ್ಡಗೆರೆ ಹೊಡೆದು ತೆಗೆದರು. "ಇದು ಈಗ ಹೀಗಿಲ್ಲ ದಾದಾ, ಇದು ನಮಗೆ ಬೇಕೇ ಆಗಿಲ್ಲ, ಇದನ್ನು ಯಾರು ಹೇಳಿದರು ನಿಮಗೆ?" ಗೆರೆ ಬಿದ್ದಾಗಲೆಲ್ಲ ತಪನ್‌ದಾ ಕಿವಿ ಕೆಂಪಾಗುತ್ತಿತ್ತು, ನಾನು ನಗು ತಡೆಯಲು ಕಿಟಕಿ ನೋಡುತ್ತಿದ್ದೆ. ಕೊನೆಗೆ ಉಳಿದದ್ದು ಹನ್ನೊಂದು ಹಾಳೆ, ಮನುಷ್ಯನ ಮೈಗೆ ತಟ್ಟುವ ನಿಯಮಗಳು. ಅವು ಮೊದಲು, ಪೂರ್ತಿ, ಝರ್ಣಾದಿಯ ಸಹಿಯ ಮೇಲೆ ಕಟ್ಟಬೇಕು, ಅವರನ್ನು ಕೇಳದೆ ಯಾರೂ ಮುಟ್ಟುವಂತಿಲ್ಲ. ಉಳಿದದ್ದೆಲ್ಲ ಎರಡು ವಾರದ ತುಂಡುಗಳಲ್ಲಿ. ಅಂಕದ ಹಾಳೆಯನ್ನು ನಾನೇ ಕಿತ್ತೆ.

ಆ ನಂತರದ ವಾರಗಳಲ್ಲಿ ಸ್ನೇಹವೇನೂ ಬೆಳೆಯಲಿಲ್ಲ. ಬೇಕಾದಷ್ಟೇ ಮಾತು. ಅವರು ನಿಯಮ ಓದುವುದು, ನಾನು ಅದನ್ನು ಮುರಿಯಲು ನೋಡುವುದು, ಮುರಿದರೆ ಅವರು ಗೊಣಗುತ್ತಾ ತಿದ್ದುವುದು. ವಿಚಿತ್ರವೆಂದರೆ ಅಷ್ಟು ಚೆನ್ನಾಗಿ ನಾನು ಬೇರೆ ಯಾರ ಜೊತೆಗೂ ಕೆಲಸ ಮಾಡಿಲ್ಲ. ಒಬ್ಬರ ತಪ್ಪನ್ನು ಒಬ್ಬರು ಸುಮ್ಮನೆ ಬಿಡುತ್ತಿರಲಿಲ್ಲವಲ್ಲ. ರಸ್ತೆಯುದ್ದಕ್ಕೂ ಪೆಂಡಾಲಿನ ಬಿದಿರು ಏಳತೊಡಗಿದಾಗ ಕೇಂದ್ರದಲ್ಲಿ ಸಾಫ್ಟ್‌ವೇರ್ ಮತ್ತೆ ಶುರುವಾಯಿತು, ಪೂಜೆ ಶುರುವಾಗುವ ಪಂಚಮಿಯ ಹಿಂದಿನ ದಿನ ಮೂರೂ ಪಾಳಿಗೆ ಬಂತು. ಝರ್ಣಾದಿ ತಂಡಕ್ಕೆಲ್ಲ ಸಂದೇಶ್ ಮಿಠಾಯಿ ಹಂಚಿದರು.

ನಾನು ಆಗಸ್ಟಿನ ಪತ್ರವನ್ನು ಹಿಂತೆಗೆದುಕೊಳ್ಳುತ್ತೇನೆಂದು ವಿನೀತ್‌ಗೆ ಎರಡು ಸಲ ಬರೆದೆ. ಆ ವರ್ಷದ ಮೌಲ್ಯಮಾಪನ ಮುಗಿದುಹೋಗಿದೆ, ಇನ್ನು ತಿದ್ದಲಾಗದು ಎಂಬ ಉತ್ತರ ಬಂತು. ಬರಬೇಕಿದ್ದ ಬಡ್ತಿ ತಪನ್‌ದಾಗೆ ಬರಲಿಲ್ಲ.

ದೀಪಾವಳಿ ಹೊತ್ತಿನ ಕಾಳಿಪೂಜೆಯ ನಂತರ ಅದೇ ಕೇಂದ್ರದ ಉಳಿದ ಶಾಖೆಗಳ ಕೆಲಸವೂ ನಮಗೇ ಸಿಕ್ಕಿತು. ಇಬ್ಬರೂ ಮುಂದುವರಿಯುತ್ತೀರಾ ಎಂದು ವಿನೀತ್ ಇಬ್ಬರನ್ನೂ ಕೇಳಿದ್ದರು. ನಾನು ಹೌದು ಎಂದು ಬರೆದೆ. ತಪನ್‌ದಾ ಬರೆದ ಉತ್ತರವನ್ನು ವಿನೀತ್ ನನಗೆ ಕಳಿಸಿಕೊಟ್ಟರು, ನಿನಗೆ ತಿಳಿದಿರಲಿ ಎಂದು. ಬಾಲಿಗಂಜ್ ಪ್ಲಾಟ್‌ಫಾರಮ್ಮಿನ ಜನಜಂಗುಳಿಯಲ್ಲಿ ನಿಂತು ಓದಿದೆ. ನಾಲ್ಕೇ ಸಾಲು. ಶೈಲಾ ಸಮರ್ಥಳು. ತಪ್ಪು ಒಪ್ಪಿಕೊಳ್ಳುವ ಧೈರ್ಯವೂ ಇದೆ. ಆದರೆ ಆಕೆಗೆ ಕೇಳಿಸಬೇಕಾದರೆ ಒಬ್ಬ ರೋಗಿಯ ತೋಳಿನ ಹತ್ತಿರಕ್ಕೆ ಸೂಜಿ ಬರಬೇಕಾಯಿತು. ಅಂಥವರ ಕೈಕೆಳಗೆ ಇನ್ನೊಮ್ಮೆ ಕೆಲಸ ಮಾಡಲು ನಾನು ಸಿದ್ಧನಿಲ್ಲ.

ಎರಡು ಲೋಕಲ್ ಹೋದವು. ಮೂರನೆಯದಕ್ಕೆ ಹತ್ತಿದೆ. ಮನೆಯಲ್ಲಿ ನಫೀಸಾ ಓದಿ, ಫೋನನ್ನು ನನ್ನ ಕೈಗೆ ಕೊಟ್ಟು, "ಇದ್ರಲ್ಲಿ ಸುಳ್ಳು ಎಂತದ್ದುಂಟು?" ಎಂದಳು.

ಒಂದಕ್ಷರವೂ ಇರಲಿಲ್ಲ. ನವೆಂಬರಿನಲ್ಲಿ ಬೆಂಗಳೂರಿಗೆ ಮರಳಿದೆ, ಶಾಖೆಗಳ ಕೆಲಸವನ್ನು ತಪನ್‌ದಾಗೇ ವಹಿಸಿದರು. ಆ ನಾಲ್ಕು ಸಾಲು ನಿಜವೆಂದು ನಾನು ಅಂದೇ ಒಪ್ಪಿದ್ದೇನೆ. ಅವರ ಮೇಲಿನ ಸಿಟ್ಟು ಮಾತ್ರ ಇಂದಿಗೂ ಪೂರ್ತಿ ಇಳಿದಿಲ್ಲ.